ಸಾಂಬ್ರಾ–ಬೆಂಗಳೂರು: ವಿಮಾನಮಾರ್ಗದ ದೂರವೂ ಪ್ರಯಾಣದ ಕಾಲವೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳವರಿಗೆ ಬೆಂಗಳೂರಿನ ವಿಮಾನ ದೊರೆಯುವ ಸಮೀಪದ ನಿಲ್ದಾಣ ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸೈನ್ಯದ ಉಪಯೋಗಕ್ಕೆಂದು ಸಿದ್ಧವಾದ ನೆಲೆ ಇದು. ಇಲ್ಲಿಂದ ಬೆಂಗಳೂರಿಗೆ ಎಷ್ಟು ಹೊತ್ತೆಂದು ಕೇಳಿದರೆ ವಿದ್ಯಾರ್ಥಿಗಳು ದೂರವನ್ನು ವೇಗದಿಂದ ಭಾಗಿಸಿ ಉತ್ತರ ಹೇಳುವರು. ಭಾಗಾಕಾರವೇನೋ ಸರಿ, ಉತ್ತರ ಮಾತ್ರ ಪ್ರಯಾಣಿಕನಿಗೆ ಒದಗದು. ಏಕೆಂಬುದನ್ನು ವಿಚಾರಿಸೋಣ.

ಮೊದಲು ದೂರ. ಸಾಂಬ್ರಾ ನಿಲ್ದಾಣವು ಉತ್ತರ ಅಕ್ಷಾಂಶ 15.86, ಪೂರ್ವ ರೇಖಾಂಶ 74.62ರಲ್ಲಿದೆ, 2008ರಲ್ಲಿ ದೇವನಹಳ್ಳಿಯ ಬಳಿ ತೆರೆದ ಬೆಂಗಳೂರಿನ ನಿಲ್ದಾಣವು 13.20, 77.71ರಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿಗೆ ಇಲ್ಲಿ ಸುಮಾರು 110.6 ಕಿಲೋಮೀಟರು. ರೇಖಾಂಶದ ಡಿಗ್ರಿಯಾದರೋ ಧ್ರುವದ ಕಡೆಗೆ ಸಾಗಿದಂತೆ ಕಿರಿದಾಗುವುದು. ಈ ಎರಡು ಊರುಗಳ ನಡುವೆ ಅದು 107.8ರಷ್ಟು. ಅಂತೂ ದಕ್ಷಿಣಕ್ಕೆ 294, ಪೂರ್ವಕ್ಕೆ 333 ಕಿಲೋಮೀಟರು. ಲಂಬಕೋನ ತ್ರಿಭುಜದ ಕರ್ಣವನ್ನು ತೆಗೆದರೆ 444, ಅಂದರೆ 240 ನಾವಿಕ ಮೈಲಿ. ಭೂಮಿ ಗೋಲಾಕಾರವೆಂಬುದರಿಂದ ಇಷ್ಟು ಅಲ್ಪ ದೂರದಲ್ಲಿ ಗಣನೀಯ ವ್ಯತ್ಯಾಸ ಬಾರದು. ಇದೇ ಪ್ರಯಾಣಕ್ಕೆ ರೈಲುಮಾರ್ಗ 600 ಕಿಲೋಮೀಟರನ್ನು ಮೀರುತ್ತದೆ.

ಗಂಟೆಗೆ 500 ಕಿಲೋಮೀಟರು ಹಾರುವ ಚಿಕ್ಕ ವಿಮಾನಕ್ಕೆ ಈ ದೂರ 53 ನಿಮಿಷ. ಆದರೆ ವೇಳಾಪಟ್ಟಿಯ ಕಾಲವು ವಿಮಾನ ನಿಂತ ಸ್ಥಳದಿಂದ ಚಲಿಸಿದಂದಿನಿಂದ ಮತ್ತೆ ನಿಲ್ಲುವವರೆಗಿನದು. ನೆಲದ ಮೇಲಿನ ಓಟ, ಏರುವಿಕೆ, ಇಳಿಯುವಿಕೆಗಳೆಲ್ಲ ಅದರಲ್ಲಿ ಸೇರುತ್ತವೆ. ಎರಡು ನಿಲ್ದಾಣಗಳ ಓಡುದಾರಿಗಳೂ ಪೂರ್ವ-ಪಶ್ಚಿಮವಾಗಿವೆ. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಏರಬೇಕಾದ ವಿಮಾನ ಮೊದಲು ಬೆಂಗಳೂರಿಗೆ ಬೆನ್ನುಮಾಡಿ ಹಾರಿ ಆಮೇಲೆ ತಿರುಗಬೇಕು! ಹೀಗಾಗಿ ಒಂದೂಕಾಲು ಗಂಟೆಯೆಂದು ಹಿಡಿಯುವುದು ಯುಕ್ತ. ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು: ಗಂಟೆಗೆ 50 ಕಿಲೋಮೀಟರಿನ ಗಾಳಿ ಹೋಗುವಾಗ ನೆರವಾಗಿ ಬರುವಾಗ ಎದುರಾದರೆ ಕಾಲ 48 ಮತ್ತು 59 ನಿಮಿಷಗಳಾಗುವುದು. ಗಳಿಸಿದ್ದಕ್ಕಿಂತ ಕಳೆದದ್ದೇ ತುಸು ಹೆಚ್ಚು.

ಆದರೂ ಮುಖ್ಯ ಲೆಕ್ಕ ಆಕಾಶದಲ್ಲಿಲ್ಲ, ನೆಲದ ಮೇಲಿದೆ. ಸಾಂಬ್ರಾದಿಂದ ಗೋಕಾಕವೂ ಹುಕ್ಕೇರಿಯೂ ನೇರವಾಗಿ ಅಳೆದರೆ ಹೆಚ್ಚುಕಡಿಮೆ ಸಮಾನ, ತಲಾ 40 ಕಿಲೋಮೀಟರಿನಷ್ಟು; ಮೂಡಲಗಿ 60ನ್ನು ಮೀರುತ್ತದೆ. ರಸ್ತೆ ಇದಕ್ಕಿಂತ ಉದ್ದ. ಆಗ್ನೇಯಕ್ಕೆ ಹೋಗಬೇಕಾದ ಮೂಡಲಗಿಯವನು ಘಟಪ್ರಭೆಯನ್ನು ದಾಟಿ ಮೊದಲು ನೈಋತ್ಯಕ್ಕೆ ಬರಬೇಕು. ಅವನಿಗೆ ರಸ್ತೆಯಲ್ಲಿ ಎರಡು ಗಂಟೆ, ನಿಲ್ದಾಣದ ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ, ಇಳಿದ ಮೇಲೆ ಸಾಮಾನಿಗೆ ಅರ್ಧ, ದೇವನಹಳ್ಳಿಯಿಂದ ನಗರದ ನಡುವಿಗೆ ಒಂದೂಕಾಲು ಎಂದು ಭಾವಿಸಿದರೆ, ವಿಮಾನದ ಒಂದೂಕಾಲು ಸೇರಿ ಒಟ್ಟು ಆರೂವರೆ ಗಂಟೆ. ಇದರಲ್ಲಿ ದೂರವನ್ನು ವೇಗದಿಂದ ಭಾಗಿಸಿ ಬಂದ ಕಾಲ 53 ನಿಮಿಷ ಮಾತ್ರ. ವಿಮಾನದ ವೇಗವನ್ನು ಇಮ್ಮಡಿಗೊಳಿಸಿದರೂ ಉಳಿಯುವುದು 27 ನಿಮಿಷ. ಮೂಡಲಗಿಯ ರಸ್ತೆಯನ್ನು ಸುಧಾರಿಸಿ ಅಷ್ಟನ್ನು ಉಳಿಸುವುದು ಬಹುಶಃ ಸುಲಭ. ದಿಲ್ಲಿಯಂಥ ದೂರದ ಊರಿಗಾದರೆ ನೆಲದ ಮೇಲಿನ ಈ ಕಾಲ ಅಷ್ಟಾಗಿ ಬಾಧಿಸದು, ಹಾರಾಟವೇ ದೀರ್ಘವಾದ್ದರಿಂದ. ಘಟಪ್ರಭಾ ನಿಲ್ದಾಣದಲ್ಲಿ ರಾತ್ರಿಯ ರೈಲನ್ನು ಹತ್ತಿದವನಿಗೆ ಅದಕ್ಕಿಂತ ಹೆಚ್ಚು ಗಂಟೆಗಳು ಹಿಡಿಯುವುವು, ನಿಜ. ಆದರೆ ಅವುಗಳಲ್ಲಿ ಬಹುಪಾಲನ್ನು ಅವನು ನಿದ್ರೆಯಲ್ಲಿ ಕಳೆಯುತ್ತಾನೆ.