ಗುಹ್ಯಾಂಗದ ನರೂಲಿ: ಪತ್ನಿಗೆ ಹೇಳುವುದೆಂತು?

ಪ್ರಶ್ನೆ: ವಿವಾಹವಾಗಿ ನಾಲ್ಕು ವರ್ಷಗಳಾದ ಮೇಲೆ ನನ್ನ ಗುಹ್ಯಾಂಗದಲ್ಲಿ ನರೂಲಿಗಳು ಕಾಣಿಸಿಕೊಂಡಿವೆ. ಇದು ದಾಂಪತ್ಯದ್ರೋಹದ ಲಕ್ಷಣವೆ? ಪತ್ನಿಗೆ ಹೇಗೆ ತಿಳಿಸಲಿ?

ಉತ್ತರ: ಹಾಗೆಂದು ಹೇಳಲಾಗದು. ನರೂಲಿಗಳಿಗೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸು ಚರ್ಮದ ನಿಕಟಸ್ಪರ್ಶದಿಂದ ಸಂಕ್ರಮಿಸಿ, ಯಾವ ಚಿಹ್ನೆಯನ್ನೂ ತೋರದೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಪ್ತವಾಗಿದ್ದು, ಅನಂತರ ಪ್ರಕಟವಾಗಬಲ್ಲುದಾದುದರಿಂದ, ಅದು ಯಾರಿಂದ, ಎಂದು ಬಂದಿತೆಂಬುದನ್ನು ಯಾವ ವೈದ್ಯನೂ ನಿರ್ಣಯಿಸಲಾರನು. ದೋಷಾರೋಪಣೆಯ ವಿಚಾರಣೆ ಹೂಡುವುದು ವ್ಯರ್ಥ. ನೂರಕ್ಕೆ ಸುಮಾರು 90 ಪ್ರಸಂಗಗಳಲ್ಲಿ ಈ ನರೂಲಿಗಳ ಮೂಲ ಆ ವೈರಸ್ಸಿನ 6 ಮತ್ತು 11ನೆಯ ಪ್ರಭೇದಗಳು; ಗರ್ಭಕಂಠದ ಕ್ಯಾನ್ಸರಿಗೆ ಪ್ರಧಾನ ಹೇತುಗಳಾದ 16 ಮತ್ತು 18 ಬೇರೆಯವು.

ಏಕಾಂತದಲ್ಲಿ, ಸಮಾಗಮಕ್ಕೆ ಮುನ್ನ, ಪತ್ನಿಗೆ ಇದ್ದುದನ್ನು ಇದ್ದಂತೆಯೇ ತಿಳಿಸಿರಿ; ಅವರ ಪ್ರಶ್ನೆಗಳಿಗೆ ಅವಕಾಶ ಕೊಡಿ. ಕಾಂಡೋಮು ಸೋಂಕಿನ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಪೂರ್ಣವಾಗಿ ನೀಗದು. ಲೇಪನದಿಂದಲೋ ಶೈತ್ಯಚಿಕಿತ್ಸೆಯಿಂದಲೋ ನರೂಲಿಗಳು ಹೋಗುವುವು, ಮರುಕಳಿಸುವುದೂ ಉಂಟು. ಕೈಕಾಲಿನ ನರೂಲಿಗೆಂದು ಅಂಗಡಿಯಲ್ಲಿ ಮಾರುವ ಔಷಧವನ್ನು ಮಾತ್ರ ಅಲ್ಲಿಗೆ ಹಚ್ಚಬೇಡಿರಿ. ಚರ್ಮರೋಗತಜ್ಞರ ಬಳಿಗೆ ಇಬ್ಬರೂ ಜೊತೆಯಾಗಿಯೇ ಹೋಗಿರಿ.