ಮೂತ್ರಪಿಂಡದ ಮೇಲಿನ ಟೊಪ್ಪಿಗೆ

ಯಲಹಂಕದ ವಾಯುಸೇನಾ ನೆಲೆಯಿಂದ ಮೇಲೆದ್ದ ವಿಮಾನವೊಂದು ಹಠಾತ್ತನೆ ತಲೆಯ ಮೇಲೆ ಆರ್ಭಟಿಸಿದರೆ, ಕೆಳಗಿರುವವರ ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ರಕ್ತದ ಒತ್ತಡ ಏರುತ್ತದೆ. ಅಪಾಯವೇನೂ ಇಲ್ಲವೆಂದು ತಿಳಿದೊಡನೆ ಎಲ್ಲವೂ ತಾನಾಗಿಯೇ ಇಳಿಯುತ್ತದೆ. ಈ ಏರಿಕೆಗೆ ನೆರವಾಗುವ ರಸವೇ ಅಡ್ರಿನಲಿನ್. ಅದನ್ನು ಸ್ರವಿಸುವ ಅಡ್ರಿನಲ್ ಗ್ರಂಥಿಗಳು ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ.

ಇವು ನಿರ್ನಾಳ ಗ್ರಂಥಿಗಳು. ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಅಡ್ರಿನಲಿನ್ ಹುಟ್ಟುವುದು ಒಳತಿರುಳಿನಲ್ಲಿ. ಹೊರಪದರದಲ್ಲಿ ಕಾರ್ಟಿಸಾಲ್, ಆಲ್ಡೊಸ್ಟಿರೋನ್ ಮೊದಲಾದ ಹಾರ್ಮೋನುಗಳು ಹುಟ್ಟುತ್ತವೆ. ಇವುಗಳಲ್ಲಿ ಆಲ್ಡೊಸ್ಟಿರೋನನ್ನು ದೇಹದ ಉಪ್ಪಿನ ಪಾರುಪತ್ಯಗಾರನೆನ್ನಬಹುದು. ಮೂತ್ರದಲ್ಲಿ ಹೊರಹೋಗಲಿರುವ ಸೋಡಿಯಂ ಅನ್ನು ಉಳಿಸಿಕೊಂಡು ಪೊಟ್ಯಾಸಿಯಂ ಅನ್ನು ಹೊರಹಾಕುವಂತೆ ಅದು ಮೂತ್ರಪಿಂಡಗಳನ್ನು ಪ್ರೇರಿಸುತ್ತದೆ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವನಿಗೆ ಈ ಮಿತವ್ಯಯವೇ ಪ್ರಾಣಾಧಾರ. ಆದರೆ ಗ್ರಂಥಿಯಲ್ಲಿ ಗಂಟೊಂದು ಬೆಳೆದರೆ ಅಥವಾ ಗ್ರಂಥಿಯೇ ಹಿಗ್ಗಿದರೆ, ಬೇಕು ಬೇಡವೆಂಬ ಲೆಕ್ಕವಿಲ್ಲದೆ ಹಾರ್ಮೋನು ಸುರಿಯುತ್ತಲೇ ಇರುತ್ತದೆ. ಉಪ್ಪು ನಿಂತಲ್ಲಿ ನೀರೂ ನಿಲ್ಲುತ್ತದೆ. ರಕ್ತದ ಗಾತ್ರ ಹೆಚ್ಚಿ ನಾಳಗಳ ಗೋಡೆಯ ಮೇಲೆ ಒತ್ತಡ ಬೀಳುತ್ತದೆ.

ಆಲ್ಡೊಸ್ಟಿರೋನನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1953ರಲ್ಲಿ. ಮರುವರ್ಷವೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯ ಜೆರೋಮ್ ಕಾನ್ ಅವರ ಬಳಿಗೆ 34 ವರ್ಷದ ಮಹಿಳೆಯೊಬ್ಬರು ಬಂದರು. ಅವರಿಗೆ ಅಧಿಕ ರಕ್ತದೊತ್ತಡವಿತ್ತು. ಸ್ನಾಯುಗಳು ಆಗಾಗ ಸೋತು ಸೆಳೆತ ಹಿಡಿಯುತ್ತಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ತೀರ ಕಡಿಮೆಯಾಗಿತ್ತು. ತಪ್ಪು ಅಡ್ರಿನಲ್ ಗ್ರಂಥಿಯದೆಂದು ಕಾನ್ ತರ್ಕಿಸಿದರು. ಶಸ್ತ್ರಚಿಕಿತ್ಸೆ ನಡೆದಾಗ ಗಂಟು ಸಿಕ್ಕಿತು. ಅದನ್ನು ತೆಗೆದ ಮೇಲೆ ಕಾಯಿಲೆ ಹಿಮ್ಮೆಟ್ಟಿತು. ಕಣ್ಣಿಗೆ ಕಾಣದ ಗಂಟನ್ನು ಲವಣಗಳ ಲೆಕ್ಕದಿಂದಲೇ ಊಹಿಸಿದ್ದು ಸಾಮಾನ್ಯ ಜಾಣ್ಮೆಯಲ್ಲ.

ಈ ರೋಗ ಅಪರೂಪದ್ದೆಂದು ವೈದ್ಯರು ಬಹುಕಾಲ ನಂಬಿದ್ದರು. ಅಧಿಕ ರಕ್ತದೊತ್ತಡವುಳ್ಳ ನೂರು ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಇದೇ ಮೂಲವೆಂದು ಈಗ ತಿಳಿದಿದೆ. ಪೊಟ್ಯಾಸಿಯಂ ಸರಿಯಾಗಿರುವವರಲ್ಲಿಯೂ ಇದು ಅಡಗಿರಬಹುದು. ಅನೇಕರಿಗೆ ನೋವಿಲ್ಲ, ಜ್ವರವಿಲ್ಲ. ಆದರೂ ಒಳಗೆ ಹೃದಯದ ಗೋಡೆ ದಪ್ಪವಾಗುತ್ತದೆ. ಮೂತ್ರಪಿಂಡದ ಸೂಕ್ಷ್ಮ ಜಾಲರಿ ಹಾಳಾಗುತ್ತದೆ. ಮಿದುಳಿನ ರಕ್ತನಾಳ ಒಡೆದು ಪಾರ್ಶ್ವವಾಯು ಬಡಿಯಬಹುದು. ಒತ್ತಡದ ಹಾನಿ ಸಾಲದೆಂಬಂತೆ, ಹೆಚ್ಚಾದ ಆಲ್ಡೊಸ್ಟಿರೋನ್ ತಾನೇ ಹೃದಯ ಮತ್ತು ನಾಳಗಳಲ್ಲಿ ನಾರು ಬೆಳೆಯುವಂತೆ ಮಾಡುತ್ತದೆ.

ರಕ್ತದಲ್ಲಿ ಆಲ್ಡೊಸ್ಟಿರೋನ್ ಮತ್ತು ರೆನಿನ್ ಎಷ್ಟೆಷ್ಟಿವೆಯೆಂದು ಅಳೆದರೆ ರೋಗದ ಸುಳಿವು ದೊರೆಯುತ್ತದೆ. ಎಳೆಯ ವಯಸ್ಸಿನಲ್ಲಿಯೇ ಒತ್ತಡ ಏರಿದವರಿಗೆ, ಮೂರು ಬಗೆಯ ಔಷಧಿಗೂ ಒತ್ತಡ ಇಳಿಯದವರಿಗೆ ಈ ಪರೀಕ್ಷೆ ಅವಶ್ಯ. ದೋಷ ಒಂದೇ ಗ್ರಂಥಿಯಲ್ಲಿದ್ದರೆ ಅದನ್ನು ತೆಗೆಯಬಹುದು. ಉಳಿದ ಗ್ರಂಥಿ ಸಾಮಾನ್ಯವಾಗಿ ಎರಡರ ಕೆಲಸವನ್ನೂ ನಿರ್ವಹಿಸುತ್ತದೆ. ಎರಡರಲ್ಲಿಯೂ ದೋಷವಿದ್ದರೆ, ಆಲ್ಡೊಸ್ಟಿರೋನಿನ ಕೆಲಸವನ್ನು ತಡೆಯುವ ಸ್ಪೈರನೊಲ್ಯಾಕ್ಟೋನ್ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ.