ಮಾಳಿಗೆ ಮನೆ ಬಾಡಿಗೆಗೆ ಹಿಡಿಯುವ ಮುನ್ನ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೋ ಕುದಾಪುರದ ವಿಜ್ಞಾನ ಸಂಸ್ಥೆಗಳಿಗೋ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ಹುಡುಕುವುದು ಹೊಸ ಬಡಾವಣೆಯ ಆರ್‌ಸಿಸಿ ಮನೆ. ಏಪ್ರಿಲ್‌ನಲ್ಲಿ ಅದು ಕಾದ ಹೆಂಚಾಗುತ್ತದೆ. ಪೇಟೆಯ ಹಳೇ ಓಣಿಗಳಲ್ಲಿ, ಮೊಳಕಾಲ್ಮೂರಿನ ನೇಕಾರರ ಕೇರಿಗಳಲ್ಲಿ ದುರಸ್ತಿ ಮಾಡಿಸಿದ ಮಾಳಿಗೆ ಮನೆ ಸಿಕ್ಕರೆ ಅದನ್ನೇ ನೋಡಿ. ದಪ್ಪ ಗೋಡೆ, ಮಣ್ಣಿನ ಮಾಳಿಗೆ; ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆದರೆ ‘ಎಲ್ಲಾ ರಿಪೇರಿ ಆಗಿದೆ’ ಎಂಬ ಮಾತಿಗೇ ಅಡ್ವಾನ್ಸ್ ಕೊಡಬೇಡಿ.

ಮೊದಲು ತಲೆ ಎತ್ತಿ ನೋಡಿ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಚೌಳು ಮಣ್ಣಿನ ಪದರ. ಮಳೆಗಾಲಕ್ಕೆ ಮುಂಚೆ ಈ ಪದರ ಸವೆದ ಕಡೆ ಹೊಸ ಮಣ್ಣು ಹರಡಿ ಬಡಿಯಬೇಕು. ಆ ಕೂಲಿ ಯಾರ ಲೆಕ್ಕಕ್ಕೆ ಎಂಬುದನ್ನು ಕರಾರಿನಲ್ಲೇ ಬರೆಸಿ. ಜಂತಿಗೆ ಜಿಪ್ಸಮ್ ಹಾಳೆ ಮುಚ್ಚಿದ್ದರೆ ಒಂದು ಹಾಳೆ ಬಿಚ್ಚಿ ತೋರಿಸಲು ಕೇಳಿ. ಗೆದ್ದಲು ತಿಂದ ತೊಲೆ ಬಡಿದರೆ ಟೊಳ್ಳು ಸದ್ದು ಕೊಡುತ್ತದೆ. ಬಿಚ್ಚಲು ಒಪ್ಪದಿದ್ದರೆ ಆ ಮನೆ ಬಿಡಿ.

ಗೋಡೆಯ ಬುಡ ನೋಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿಯುವುದೇ ಇಲ್ಲಿನ ದುರಸ್ತಿಯ ದೊಡ್ಡ ತಪ್ಪು. ಒಳಗಿನ ತೇವ ಹೊರಬರಲಾಗದೆ ಗಾರೆ ಉಬ್ಬುತ್ತದೆ, ನೆಲದಿಂದ ಮೊಳದೆತ್ತರಕ್ಕೆ ಬಿಳಿ ಉಪ್ಪು ಕಾಣುತ್ತದೆ. ಸುಣ್ಣದ ಗಾರೆಯಾದರೆ ಆ ತೊಂದರೆ ಕಡಿಮೆ.

ಮೊಳಕಾಲ್ಮೂರಿನಲ್ಲಿ ಇನ್ನೊಂದಿದೆ. ಭೌಗೋಳಿಕ ಗುರುತು ಪಡೆದ ರೇಷ್ಮೆ ಸೀರೆಯ ಊರಿದು. ಮಗ್ಗ ತೆಗೆದ ಮನೆಯಲ್ಲಿ ನೇಕಾರ ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಯನ್ನು ಮಣ್ಣು ತುಂಬಿ ಟೈಲ್ಸ್ ಹಾಸಿರುತ್ತಾರೆ. ದಿಮ್ಮಿಸದೆ ತುಂಬಿದ್ದರೆ ನೆಲ ಕುಸಿಯುತ್ತದೆ. ಮಗ್ಗ ಎಲ್ಲಿತ್ತು ಎಂದು ಕೇಳಿ, ಅಲ್ಲಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ನೀರಿನ ಬಗ್ಗೆಯೂ ಕೇಳಿ. ಈ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ಶುದ್ಧ ನೀರಿನ ಘಟಕ ಹತ್ತಿರವಿದ್ದರೆ ಒಳ್ಳೆಯದು.

ಇನ್ನು ಕಾಗದ. ಬಾಡಿಗೆಗೆ 11 ತಿಂಗಳ ಕರಾರು ವಾಡಿಕೆ, ಏಕೆಂದರೆ 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು. ಬಿಡಿಸುವ ನೋಟಿಸ್‌ನ ಅವಧಿಯನ್ನು ಕರಾರಿನಲ್ಲಿ ನಮೂದಿಸಿ. ಇಲ್ಲದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು 15 ದಿನ ಮಾತ್ರ. ಕರೆಂಟಿಗೆ ಬೇರೆ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು.

ಎಚ್ಚರ ಬೇಕಿರುವುದು ಭೋಗ್ಯದಲ್ಲಿ. ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವ ಪದ್ಧತಿ. ಇದು ಅಡಮಾನದ ಲೆಕ್ಕಕ್ಕೆ ಬಂದರೆ, 100 ರೂಪಾಯಿ ದಾಟಿದ ಯಾವ ಮೊತ್ತಕ್ಕೂ ನೋಂದಾಯಿತ ಪತ್ರ ಬೇಕು. ಛಾಪಾ ಕಾಗದದ ಮೇಲೆ ಇಬ್ಬರು ಸಾಕ್ಷಿ ಹಾಕಿದರೆ ಸಾಕೆಂದು ಹೇಳುವವರು ಊರ ತುಂಬ ಇದ್ದಾರೆ. ತಂಟೆ ಬಂದ ದಿನ ಅವರು ಸಿಗುವುದಿಲ್ಲ. ಹಳೇ ಮನೆಗಳ ಖಾತೆ ಎಷ್ಟೋ ಕಡೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಹಣ ಪಡೆಯುವವರು ಒಬ್ಬರು, ಹಕ್ಕುದಾರರು ಐದು ಮಂದಿ ಎಂದಾಗಬಾರದು. ಹೆಣ್ಣುಮಕ್ಕಳೂ ಸೇರಿ ಎಲ್ಲ ಪಾಲುದಾರರ ಸಹಿ ಬೇಕು. ಚಳ್ಳಕೆರೆಯಲ್ಲಿ ನಗರಸಭೆಯ, ಮೊಳಕಾಲ್ಮೂರಿನಲ್ಲಿ ಪಟ್ಟಣ ಪಂಚಾಯಿತಿಯ ಖಾತೆ, ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ ನೋಡಿ. ಮನೆಯ ಮೇಲೆ ನೋಂದಾಯಿತ ಸಾಲವಿದೆಯೇ ಎಂಬುದು ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಸಿಗುತ್ತದೆ.

ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರದ ಸುತ್ತ ಮನೆ ಹಿಡಿದರೆ ಹೊಸ ಬಚ್ಚಲು ಕಟ್ಟಿಸಿಕೊಡುತ್ತೇವೆ ಎಂಬ ಮಾತು ನಂಬುವ ಮುನ್ನ ದೂರ ಅಳೆಯಿರಿ: ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಆಮೇಲಿನ 200 ಮೀಟರ್‌ಗೆ ಅನುಮತಿ ಬೇಕು.

ಭೋಗ್ಯವೇ ಬೇಕೆಂದು ಮಾಲೀಕರು ಪಟ್ಟು ಹಿಡಿದರೂ ಮೊದಲ 11 ತಿಂಗಳು ಬಾಡಿಗೆಗೇ ಇರಿ. ಮಾಳಿಗೆ ಒಂದು ಮಳೆಗಾಲ ತಡೆದ ಮೇಲೆ ದೊಡ್ಡ ಮೊತ್ತದ ಮಾತಾಡಿ.